ಸಾಬಮ್ಮನ ಒಡಪು, ಮಶಾಕನ ಕ್ಯಾಸೆಟ್ಟು

ಸರ್ಕಾರದ ಲೆಕ್ಕದಲ್ಲಿ ಸಾಬಮ್ಮಕ್ಕನ ಗಂಡನ ಹೆಸರು ವರುಣಪ್ಪ. ಶಹಾಬಾದದ ನಮ್ಮ ಓಣಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಮತದಾರರ ಪಟ್ಟಿ ಬರೆಯಲು ಬಂದ ಗುಮಾಸ್ತ ಅಂಗಳದಲ್ಲಿ ನಿಂತು ಗಂಡನ ಹೆಸರು ಕೇಳಿದಾಗ ಇವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಮಳಿ ಯಾರ ಕೈಯಾಗ ಅದ, ಅವರ ಹೆಸರೇ ಬರ್ಕೋರಿ" ಅಂದಳು. ಗುಮಾಸ್ತ ಮೈಸೂರು ಕಡೆಯವನು. ಮಳೆ ಅಂದರೆ ವರುಣ ಎಂದು ತಿಳಿದು ಬರೆದುಕೊಂಡು ಹೋದ. ದೇವೇಂದ್ರನ ನೆನಪು ಅವನಿಗೆ ಬರಲಿಲ್ಲ. ಅಂದಿನಿಂದ ಸಾಬಮ್ಮಕ್ಕ ವರುಣಪ್ಪನ ಹೆಂಡತಿಯಾಗಿ ವೋಟು ಹಾಕಿ ಬರುತ್ತಾಳೆ, ಮನೆಗೆ ಬಂದು ದೇವೀಂದ್ರಪ್ಪನಿಗೆ ರೊಟ್ಟಿ ಬಡಿದು ಹಾಕುತ್ತಾಳೆ.

ನಗಬೇಡಿ, ನಮ್ಮಲ್ಲಿಯೂ ಅಷ್ಟೇ. ನಾನು ಅಖ್ತರ ಬೇಗಂ, ಅವಳ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಹೊಲಿಗೆ ಮಶೀನು ತುಳಿದು ಬಾಳಿದವಳು. ನಾನೂ ನಮ್ಮ ಮನೆಯವರನ್ನು 'ಮುನ್ನಾನ ಅಬ್ಬಾ' ಅಂತಲೇ ಕೂಗಿದವಳು. ಆದರೆ ನನ್ನದು ನಾಚಿಕೆ, ಸಾಬಮ್ಮಕ್ಕನದು ಭಯ. ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದಷ್ಟೂ ಅವನ ಆಯುಷ್ಯ ಸವೆಯುತ್ತದೆ ಎಂದು ಸುಲೇಪೇಟದಲ್ಲಿ ಅವಳ ಅವ್ವ ಉಡಿ ತುಂಬುವಾಗಲೇ ಹೇಳಿ ಕಳಿಸಿದ್ದಳು. ಅದಕ್ಕೊಂದೇ ರಿಯಾಯಿತಿ, ಒಡಪು. ಲಗ್ನದ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಒಳಗ ಬಾ" ಅಂದಾಗ ಎರಡು ಸಾಲಿನ ಒಂದು ಪದ ಹೇಳಿ, ಅದರೊಳಗೆ ಗಂಡನ ಹೆಸರು ಸೇರಿಸಿಬಿಡಬೇಕು. ಹಾಗೆ ಹೇಳಿದ ಹೆಸರು ಆಯುಷ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೇವೀಂದ್ರಪ್ಪಣ್ಣ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದವನು. ನೆಲದೊಳಗೆ ಹಾಳೆಯಂತೆ ಮಲಗಿರುವ ಕಲ್ಲನ್ನು ಗೆರೆ ಹಿಡಿದು ಎಬ್ಬಿಸಬೇಕು. ಒಂದು ದಿನ ಎಬ್ಬಿಸಿದ ಹಾಸುಗಲ್ಲು ಜಾರಿ ಅವನ ಸೊಂಟದ ಮೇಲೆಯೇ ಕುಳಿತಿತು. ಜೀವ ಉಳಿಯಿತು, ನಡಿಗೆ ಹೋಯಿತು. ಅಲ್ಲಿಂದಾಚೆಗೆ ಅವನ ಲೋಕವೆಂದರೆ ಮಲಗುವ ಹೊರಸು, ಹೊಸ್ತಿಲು, ನಡುವೆ ಊರಿಕೊಳ್ಳಲು ಒಂದು ಬಿದಿರಿನ ಕೋಲು. ಸಾಬಮ್ಮಕ್ಕ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ತೊಳೆದು ಮನೆ ನಡೆಸಿದಳು. ಮಗ ಅಂಬರಾಯ ಸೇಡಂ ಕಡೆ ಕೆಲಸ ಹಿಡಿದು ಅಲ್ಲೇ ಸಂಸಾರ ಹೂಡಿದ.

ಅವಳು ಒಡಪಿನಲ್ಲಿ ಓಣಿಗೇ ದೊಡ್ಡವಳು ಎಂದೇನಲ್ಲ. ನಮ್ಮ ಕಡೆಯ ಒಡಪುಗಳೆಲ್ಲ ಸಾಲ ತಂದವೇ. ಒಬ್ಬಳು ಅತ್ತೆಯಿಂದ ಕಲಿಯುತ್ತಾಳೆ, ಅವಳಿಂದ ನೆರೆಯವಳು ಕಲಿಯುತ್ತಾಳೆ. ಸಾಬಮ್ಮಕ್ಕ ಜೀವಮಾನವೆಲ್ಲ ಹೇಳಿದ್ದು ಒಂದೇ: "ಬೆಳ್ಳಿ ಬಟ್ಟಲದಾಗ ಬೆಣ್ಣಿ ಇಟ್ಟೀನಿ, ದೇವೀಂದ್ರಪ್ಪನವರ ಕೈಯಾಗ ಎಲಿ ಅಡಿಕಿ ಕೊಟ್ಟೀನಿ." ಓಣಿಯ ಒಂದು ಮನೆಯಲ್ಲೂ ಬೆಳ್ಳಿ ಬಟ್ಟಲಿರಲಿಲ್ಲ. ಬೆಣ್ಣೆಯೂ ಹಬ್ಬಕ್ಕೊಮ್ಮೆ.

ಇದನ್ನು ದೇವೀಂದ್ರಪ್ಪಣ್ಣ ಅವಳ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಕಾಲು ಗಟ್ಟಿ ಇದ್ದಾಗ ಗಂಡಸರ ಜೊತೆ ಹೊರಗೆ ಹಂದರದಲ್ಲಿ ಕೂಡುತ್ತಿದ್ದ, ಕಾಲು ಹೋದ ಮೇಲೆ ಲಗ್ನಕ್ಕೇ ಹೋಗಲಿಲ್ಲ. ಅವಳ ತಮ್ಮ ಭೀಮಶಾ ತನ್ನ ಮಗಳ ಲಗ್ನಕ್ಕೆ ಕರೆಯಲು ಬಂದ ದಿನ ಮಾತು ಎಲ್ಲಿಂದೆಲ್ಲಿಗೋ ಹೋಗಿ ಒಡಪಿಗೆ ಬಂತು. ದೇವೀಂದ್ರಪ್ಪಣ್ಣ ಹೊರಸಿನ ಮೇಲಿಂದಲೇ ಚುಚ್ಚಿದ.

"ನೀವು ಹೆಣ್ಮಕ್ಕಳು ಎಲ್ಲಾರೂ ಅದೇ ಬೆಣ್ಣಿ ಬಟ್ಟಲದಾಗ ತಂತಮ್ಮ ಗಂಡಂದಿರನ್ನ ಅದ್ದಿ ತೆಗೀತೀರಿ. ನನ್ನ ಹೆಸರು ತೆಗೆದು ಭೀಮಶಾನ ಹೆಸರು ಇಟ್ರೂ ಕೂಡ್ತದ, ಊರ ಗೌಡನ ಹೆಸರು ಇಟ್ರೂ ಕೂಡ್ತದ. ಅದರಾಗ ನಾ ಎಲ್ಲಿದೀನಿ?"

ನಗುನಗುತ್ತಲೇ ಅಂದದ್ದು. ಆದರೆ ಸಾಬಮ್ಮಕ್ಕನಿಗೆ ಅದು ನಾಟಿತು. ಮರುದಿನ ನನ್ನ ಮಶೀನಿನ ಪಕ್ಕ ಕುಳಿತು, "ಖರೇನೇ ಅಂದ್ರು ನೋಡು ಅಖ್ತರ, ಇಷ್ಟು ವರ್ಷ ಅವರಿಗಂತ ನಾ ಒಂದು ಮಾತು ಕಟ್ಟಿಲ್ಲ" ಅಂದಳು.

ಭೀಮಶಾ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಕ್ಕಾ ನೌಕರ. ಲಗ್ನಕ್ಕೆ ವಿಡಿಯೋ ಮಾಡಿಸಿದ. ಆಗ ನಮ್ಮ ಕಡೆ ವಿಡಿಯೋ ಹೊಸತು. ಬೆಳಕಿನ ದೊಡ್ಡ ಬಲ್ಬು ಹೊತ್ತಿಸಿಕೊಂಡು ಬಂದವನು ವಾಡಿ ಸ್ಟೇಷನ್ ಹತ್ತಿರದ ಫೋಟೋ ಅಂಗಡಿಯ ಮಶಾಕ. ಕೊರಳಿಗೆ ಕರವಸ್ತ್ರ, ಕಣ್ಣಿಗೆ ಕಪ್ಪು ಚಾಳೀಸು. ಲಗ್ನದ ಮನೆಗೆ ಕಾಲಿಟ್ಟಾಗಿನಿಂದ ಅಕ್ಷತೆ ಬೀಳುವವರೆಗೂ ಅವನದೇ ಹುಕುಂ. ಮದುಮಗಳು ಯಂಕಮ್ಮನನ್ನು ಕಂಬದ ಹಿಂದೆ ನಿಲ್ಲಿಸಿ ಮೂರು ಸಲ ಇಣುಕಿಸಿದ, ಯಾವುದೋ ಸಿನಿಮಾದ ನಾಯಕಿ ಹಾಗೆ ಇಣುಕಿದ್ದಳಂತೆ. ಮದುಮಕ್ಕಳನ್ನು ಊರ ಹೊರಗೆ ಒಯ್ದು ಸುಣ್ಣದ ಕಲ್ಲಿನ ಗುಡ್ಡೆ ಹತ್ತಿಸಿ ಕೈ ಕೈ ಹಿಡಿದು ಓಡಲು ಹಚ್ಚಿದ.

"ಇದೇನೋ ತಮ್ಮಾ, ಅರಿಶಿಣ ಮೈಯಾಗ ಕಲ್ಲಿನ ಮ್ಯಾಲ ಓಡಸ್ತಿ?" ಎಂದು ನಾನು ಕೇಳಿದೆ.

"ಸಿನಿಮಾದಾಗ ಹಿಮದ ಗುಡ್ಡದ ಮ್ಯಾಲ ಓಡ್ತಾರ ಆಪಾ. ವಾಡ್ಯಾಗ ಹಿಮ ಎಲ್ಲಿಂದ ತರ್ಲಿ? ಇದೂ ಬೆಳ್ಳಗ ಅದ, ನಡೀತದ" ಅಂದ.

ಮದುಮಗ ಜಾರಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡ. ಆಮೇಲಿನ ಎಲ್ಲ ಶಾಸ್ತ್ರವನ್ನೂ ಕುಂಟುತ್ತಲೇ ಮುಗಿಸಿದ. ಹೆಣ್ಣಿನ ಕಡೆಯ ನೆಂಟರು ಹುಡುಗನಿಗೆ ಹುಟ್ಟುಕುಂಟು ಇದೆಯೋ ಏನೋ ಎಂದು ಪಿಸುಗುಟ್ಟಿದರು. ಇದೆಲ್ಲ ನೋಡಿ ನನಗೆ ಮೈ ಉರಿಯಿತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬ ಹಾಗೆ, ಸಿನಿಮಾದವರ ಹುಚ್ಚು ನಮ್ಮ ಹಂದರಕ್ಕೂ ಬಂದಿತ್ತು.

ಸೋದರತ್ತೆಯಾದ ಸಾಬಮ್ಮಕ್ಕ ಆರತಿ ತಟ್ಟೆ ಹಿಡಿದು ನಡುಮನೆಗೆ ಹೋಗುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ನಾನು ಅವಳ ಹಿಂದೆ, ನಾಲ್ಕಾರು ಜನರ ಆಚೆ ಇದ್ದೆ. ಅವಳು "ಬೆಳ್ಳಿ ಬಟ್ಟಲ" ಅನ್ನುವಷ್ಟರಲ್ಲೇ ಒಳಗಿನವರೆಲ್ಲ ಕೂಗಿದರು: "ಬೆಣ್ಣಿ ಬಟ್ಟಲ ಬ್ಯಾಡ! ಅದು ಎಲ್ಲಾರದ್ದು! ನಿಂದು ಹೇಳು!"

ಗಂಡ ಅಂದದ್ದನ್ನೇ ಊರೂ ಅಂದಂತಾಯಿತು. ಮಶಾಕನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಳು ಬಾಯಿ ತೆರೆದಳು. "ಗಣಿಯಾಗಿನ ಕಲ್ಲು ಗೆರಿ ನೋಡಿ ಎಬ್ಬಿಸಬೇಕು..." ಎಂದು ಶುರುವಾದದ್ದು ನನ್ನ ಕಿವಿಗೆ ಬಿತ್ತು. ಹೊರಗೆ ಹಲಗೆಯ ಬಡಿತ ಜೋರಾಯಿತು, ಮುಂದಿನದು ಕೇಳಲಿಲ್ಲ. ಪದ ಎರಡು ಸಾಲಿಗೆ ನಿಲ್ಲದೆ ಉದ್ದ ಹೋಯಿತು. ನಗುತ್ತಿದ್ದ ಹೆಂಗಸರು ನಡುವೆ ಎಲ್ಲೋ ನಗು ನಿಲ್ಲಿಸಿದ್ದು ಕಂಡಿತು. ಒಬ್ಬಾಕೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಕೊನೆಗೆ "ದೇವೀಂದ್ರಪ್ಪನವರು" ಎಂಬುದು ಸ್ಪಷ್ಟ ಕೇಳಿತು, ಕೂಗೆದ್ದಿತು, ಬಾಗಿಲು ಬಿಟ್ಟರು.

ಹೊರಗೆ ಬಂದವಳ ಮುಖ ಕೆಂಪಾಗಿತ್ತು. "ಬಂದೇ ಬಿಡ್ತು ಅಖ್ತರ. ಎಲ್ಲಿತ್ತೋ ಏನೋ!"

"ಏನಂದಿ ಅಕ್ಕಾ? ನಡುವಿಂದು ನನಗ ಕೇಳಿಸಿಲ್ಲ."

"ನನಗೇನ್ ಗೊತ್ತವ್ವ, ಅಂದೆ ಅಷ್ಟೇ. ಆ ಡಬ್ಬಿಗಿ ಗೊತ್ತು" ಎಂದು ಮಶಾಕನ ಕ್ಯಾಮೆರಾ ತೋರಿಸಿ ನಕ್ಕಳು.

ಮನೆಗೆ ಬಂದ ಕೂಡಲೇ ದೇವೀಂದ್ರಪ್ಪಣ್ಣ ಕೇಳಿದ, ಅದೇ ಬೆಣ್ಣಿ ಬಟ್ಟಲೇನು ಅಂತ. "ಅಲ್ಲ. ಈ ಸಲ ನಿಮ್ಮದೇ. ವಿಡಿಯೋ ಬರಲಿ, ಕೇಳ್ರಿ" ಅಂದಳು. ಮನೆಯೊಳಗೆ ಎದುರಿಗೆ ನಿಂತು ಹೇಳುವ ಮಾತಲ್ಲ ಅದು. ಬಾಗಿಲಿಲ್ಲ, ಅಡ್ಡ ನಿಂತವರಿಲ್ಲ, ಹಾಗೆ ಹೇಳಿದರೆ ಹೆಸರು ಹಿಡಿದು ಕೂಗಿದಂತೆಯೇ. ಅದೂ ಮೊದಲೇ ಸೊರಗಿದ ಜೀವ. ಕ್ಯಾಸೆಟ್ಟಾದರೆ ಒಳ್ಳೆಯದು, ಶಾಸ್ತ್ರದಲ್ಲಿ ಹೇಳಿದ್ದು ಶಾಸ್ತ್ರದಲ್ಲೇ ಕೇಳಿಸುತ್ತದೆ ಎಂದು ಅವಳ ಲೆಕ್ಕ. ಗಣಿ, ಆಸ್ಪತ್ರೆ ಯಾವುದಕ್ಕೂ ಅವಸರ ಮಾಡದ ದೇವೀಂದ್ರಪ್ಪಣ್ಣ ಆ ಕ್ಯಾಸೆಟ್ಟಿಗಾಗಿ ಮಾತ್ರ ದಿನಾ ಕೇಳುತ್ತಿದ್ದ. ನಾನು ಅಂಗಳಕ್ಕೆ ಬಂದರೂ, "ಅಖ್ತರವ್ವಾ, ವಾಡಿಯಿಂದ ಯಾರರ ಬಂದಾರೇನು?" ಅನ್ನುವನು.

ಕ್ಯಾಸೆಟ್ ಬಂತು. ಭಾವನಿಗೆ ತೋರಿಸಲೆಂದು ಭೀಮಶಾ ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ತಂದು ಸಾಬಮ್ಮಕ್ಕನ ಅಂಗಳದಲ್ಲೇ ಇಟ್ಟ. ಭಾನುವಾರ ಸಂಜೆ ಓಣಿಗೆ ಓಣಿಯೇ ನೆರೆಯಿತು. ದೇವೀಂದ್ರಪ್ಪಣ್ಣನ ಹೊರಸನ್ನು ಎಲ್ಲರಿಗಿಂತ ಮುಂದೆ ಎಳೆದು ಹಾಕಿದೆವು.

ಮೊದಲಿಗೆ ಗುಲಾಬಿ ಹೂವೊಂದು ಅರಳಿತು. ಅದರೊಳಗಿಂದ ಭೀಮಶಾನ ಮುಖ ಬಂತು. ಆಮೇಲೆ ಎರಡು ಹಂಸ, ಒಂದು ಜಲಪಾತ. ಯಾವ ಸಿನಿಮಾದಿಂದ ಕಿತ್ತು ತಂದದ್ದೋ, ವಾಡಿಯಲ್ಲಂತೂ ಹಂಸವಿಲ್ಲ. ಮದುಮಗ ಸುಣ್ಣದ ಕಲ್ಲಿನ ಮೇಲೆ ಓಡುವಾಗ ಹಿಮದ ಹಾಡು ಬಂತು. ಮದುಮಗಳ ಅವ್ವ ಅತ್ತಾಗ ಬೇರೊಂದು ಸಿನಿಮಾದ ಅಳುವ ಹಾಡು ಬಂತು, ಪಾಪ ಅವಳ ಅಳುವನ್ನೂ ಅವಳಿಗೆ ಬಿಡಲಿಲ್ಲ. ಒಬ್ಬರ ಬಾಯಿಯ ಒಂದು ಮಾತೂ ಅದರಲ್ಲಿ ಇರಲಿಲ್ಲ. ಆದರೂ ಒಡಪಿನ ಹೊತ್ತಿಗೆ ಹಾಡು ನಿಲ್ಲಬಹುದು ಎಂದುಕೊಂಡೆ.

ಬಾಗಿಲು ಬಂತು, ಅಡ್ಡ ನಿಂತ ಹೆಂಗಸರು ಬಂದರು, ಸಾಬಮ್ಮಕ್ಕ ಬಾಯಿ ತೆರೆದಳು. ಆ ಬಾಯಿಂದ ಬಂದದ್ದು ಆ ವರ್ಷ ಎಲ್ಲ ಹೋಟೆಲಿನ ರೇಡಿಯೋದಲ್ಲಿ ಒದರುತ್ತಿದ್ದ ಒಂದು ಹಿಂದಿ ಹಾಡು! ಗೆಳತಿಯರು ನಾಯಕಿಯನ್ನು ಬಾಗಿಲಲ್ಲಿ ತಡೆದು ಚೇಷ್ಟೆ ಮಾಡುವ ಹಾಡು. ತುಟಿಗೆ ಸರಿಯಾಗಿ ಕೂಡಿತ್ತು ಬೇರೆ. ಓಣಿ ಚಪ್ಪಾಳೆ ಹೊಡೆಯಿತು. "ಏ, ಸಾಬಮ್ಮ ಹಿಂದಿ ಹಾಡ್ತಾಳಲೇ!" ಎಂದು ಯಾರೋ ಸೀಟಿ ಹಾಕಿದರು. ಸಾಬಮ್ಮಕ್ಕ ಮಾತ್ರ ಕೈಯಲ್ಲಿದ್ದ ಚುರುಮುರಿ ಹಾಗೇ ಹಿಡಿದು ಕುಳಿತಿದ್ದಳು.

ದೇವೀಂದ್ರಪ್ಪಣ್ಣ ಕಿವಿಗೆ ಕೈ ಹಚ್ಚಿಕೊಂಡು ಮುಂದೆ ಬಾಗಿದ್ದ. "ಇದು ಇಕೀ ದನಿ ಅಲ್ಲಲ್ಲ. ನನ್ನ ಹೆಸರು ಎಲ್ಲಿ ಬಂತು?"

"ಮತ್ತೊಮ್ಮಿ ಹಚ್ಚೋ ಭೀಮಶಾ" ಅಂದ. ಭೀಮಶಾ ಹಿಂದೆ ಸುತ್ತಿ ಹಚ್ಚಿದ. ಮತ್ತೆ ಅದೇ ಹಾಡು. ಮತ್ತೊಮ್ಮೆ ಹಚ್ಚಿಸಿದ. ಈ ಸಲ ಅವನು ಕಿವಿಯಿಂದ ಕೈ ತೆಗೆದು ಅವಳ ತುಟಿಗಳನ್ನೇ ನೋಡುತ್ತಿದ್ದ. ಕೊನೆಯಲ್ಲಿ ತುಟಿಗಳೆರಡೂ ಒಮ್ಮೆ ಕೂಡಿ ಬಿಟ್ಟುಕೊಂಡವು. ಅವನು ಕೋಲು ಚಾಚಿ ಟಿ.ವಿ. ಗಾಜಿಗೆ ಮುಟ್ಟಿಸಿದ. "ಇಲ್ಲಿ ನೋಡ್ರಿ, ತುಟಿ ಕೂಡಿದ್ವು. 'ಪ್ಪ' ಅಂದಿದ್ದು ಇಲ್ಲೇ."

ನನಗೆ ದುಃಖ ತಡೆಯಲಿಲ್ಲ, ಎದ್ದು ಒಳಗೆ ಹೋದೆ.

ಮರುದಿನದಿಂದ ಸಾಬಮ್ಮಕ್ಕ ಆ ಒಡಪನ್ನು ಹುಡುಕಲು ಹತ್ತಿದಳು. ಮೊದಲ ಸಾಲು ಇತ್ತು, ಕೊನೆಯ ಹೆಸರು ಇತ್ತು, ನಡುವಿನದು ಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸರನ್ನೆಲ್ಲ ಕೇಳಿದೆವು. ಒಬ್ಬಳು ಮುತ್ತು ರತ್ನ ಅಂದಿದ್ದಿ ಅಂದಳು. ಇನ್ನೊಬ್ಬಳು ನೀರಿನ ಮಾತಿತ್ತು, ನಾ ಅತ್ತಿದ್ದೇ ಅದಕ್ಕ ಅಂದಳು. ಏನು ನೀರು ಅಂದರೆ ಗೊತ್ತಿಲ್ಲ. ಮೂರನೆಯವಳು ಚಂದ್ರ ಬಂದಿದ್ದ ಎಂದು ಆಣೆ ಮಾಡಿದಳು. ಆ ಚಂದ್ರ ಹಿಂದಿ ಹಾಡಿನವನು. ಕ್ಯಾಸೆಟ್ ನೋಡಿ ನೋಡಿ ಅವರ ತಲೆಯಲ್ಲಿದ್ದದ್ದನ್ನೂ ಆ ಹಾಡು ಒರೆಸಿ ಹಾಕಿತ್ತು.

ಕೊನೆಗೆ ಇಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋದೆವು. ಮಶಾಕ ನಮ್ಮನ್ನು ಕಂಡು ಹಿಗ್ಗಿದ. ಹೊಗಳಲು ಬಂದಿದ್ದೇವೆ ಎಂದು ತಿಳಿದಿದ್ದ.

"ಬರ್ರಿ ಅಕ್ಕಾರ, ಕುಂದ್ರಿ. ನಿಮ್ಮ ಸೀನ್ ಹೆಂಗ ಬಂದದ! ನಿಮ್ಮ ತುಟಿಗೆ ಆ ಹಾಡು ಕೂಡಸ್ಲಿಕ್ಕ ಎಷ್ಟು ಕಷ್ಟಪಟ್ಟೀನಿ ಗೊತ್ತದೇನು?"

"ಅದರ ಅಡೀಗಿದ್ದ ನನ್ನ ಮಾತು ಎಲ್ಲಿ ತಮ್ಮಾ?"

"ಹಾಡು ಹಾಕಿದ್ರ ಅಡೀಗಿಂದು ಅಳೀತದ್ರಿ."

"ಅಳದು ಎಲ್ಲಿಗಿ ಹೋಗ್ತದ?"

"ಎಲ್ಲಿಗೂ ಹೋಗಲ್ರಿ. ಇರಲ್ಲ, ಅಷ್ಟೇ."

ಹಾಡು ಹಾಕುವ ಮೊದಲು ಹೊಡೆದ ಕ್ಯಾಸೆಟ್ ಎಲ್ಲಿ ಎಂದು ನಾನು ಕೇಳಿದೆ. ಅದರ ಮೇಲೆ ಚಿತ್ತಾಪುರದ ಒಂದು ಲಗ್ನ ಹೊಡೆದಾಗಿತ್ತು. ಹಚ್ಚಿ ತೋರಿಸಿದ ಕೂಡ. ಯಾರೋ ಮದುಮಗ, ಯಾರೋ ಮದುಮಗಳು. ಸಾಬಮ್ಮಕ್ಕ ಅದನ್ನೂ ಕೊನೆಯವರೆಗೆ ನೋಡಿದಳು, ಎಲ್ಲಾದರೂ ತನ್ನ ದನಿಯ ಚೂರು ಉಳಿದಿರಬಹುದೆಂದು.

"ಆ ಹಾಡೇ ಯಾಕ ಹಾಕ್ದಿ?" ಎಂದಳು.

"ಸಿಚುವೇಶನ್ ಅದೇ ಅದಲ್ರಿ! ಸಿನಿಮಾದಾಗೂ ಬಾಗಲ, ಇಲ್ಲೂ ಬಾಗಲ."

"ಸಿನಿಮಾದವರು ಆ ಬಾಗಲ ಎಲ್ಲಿಂದ ತಂದ್ರು?"

ಮಶಾಕ ತಲೆ ಕೆರೆದುಕೊಂಡ. "ಯಾರದೋ ಲಗ್ನದಾಗ ನೋಡಿರಬೇಕ್ರಿ."

"ಅಂದ್ರ ನಮ್ಮ ಬಾಗಲ ಒಯ್ದು ನಮಗೇ ತಂದು ಹಚ್ಚೀರಿ. ನಮ್ಮನ್ನಷ್ಟೇ ಒಳಗ ಬಿಡವಲ್ರಿ."

ನಾನು ಆಮೇಲೆ ಯೋಚಿಸಿದ್ದೇನೆ. ಎರವಲು ತರುವುದು ನಮಗೇನು ಹೊಸದೇ? ಬೆಣ್ಣೆ ಬಟ್ಟಲೂ ಎರವಲೇ. ಆದರೆ ಅದರ ನಡುವೆ ಗಂಡನ ಹೆಸರು ಇಡಲು ಒಂದು ಜಾಗ ಇತ್ತು, ತಂದವಳು ಅಲ್ಲಿ ತನ್ನವನನ್ನು ಕೂಡಿಸಬಹುದಿತ್ತು. ಮಶಾಕ ತಂದ ಹಾಡಿನಲ್ಲಿ ಎಳ್ಳು ಕಾಳಿನಷ್ಟೂ ಜಾಗವಿರಲಿಲ್ಲ. ಅವನಿಗೆ ಬೈಯಬೇಕೆಂದು ಹೋಗಿದ್ದ ನಾನು ಅರ್ಧ ಬೈದು ಸುಮ್ಮನಾದೆ. ಕೆಟ್ಟವನೇನಲ್ಲ ಹುಡುಗ, ಅದೇ ನನ್ನ ಸಿಟ್ಟಿಗೆ ಇನ್ನಷ್ಟು ತೊಡಕಾಗಿತ್ತು.

ಅವನೇ ಒಂದು ದಾರಿ ಹೇಳಿದ. "ಮತ್ತೊಮ್ಮಿ ಹೇಳ್ರಿ ಅಕ್ಕಾರ, ಈಗೇ ಹೊಡೀತೀನಿ." ಅಂಗಡಿಯ ಬಾಗಿಲ ಮುಂದೆ ಅವಳನ್ನು ನಿಲ್ಲಿಸಿ ಬೆಳಕು ಹಚ್ಚಿದ. ನಾನೇ ಬಾಗಿಲಿಗೆ ಅಡ್ಡ ನಿಂತು, "ಹೆಸರು ಹೇಳು, ಒಳಗ ಬಾ" ಅಂದೆ. ಸಾಬಮ್ಮಕ್ಕ ಸೆರಗು ಸರಿ ಮಾಡಿಕೊಂಡು, "ಗಣಿಯಾಗಿನ ಕಲ್ಲು ಗೆರಿ ನೋಡಿ ಎಬ್ಬಿಸಬೇಕು" ಎಂದಳು. ನಿಂತಳು. ಮತ್ತೆ ಅಂದಳು. ಎರಡನೆಯ ಸಾಲಿಗೆ ಬಾಯಿ ತೆರೆದರೆ ಬಂದದ್ದು ಆ ಹಿಂದಿ ಹಾಡಿನ ಧಾಟಿ. ಬೇಡ ಬೇಡವೆಂದರೂ ಅದೇ. ತನ್ನ ಕೆನ್ನೆಗೆ ತಾನೇ ಏಟು ಕೊಟ್ಟುಕೊಂಡು, "ಸುಡ್ಲಿ ಇದರ ಬಾಯಿಗಿ! ಆರಿಸಪ್ಪ ಆ ದೀಪ" ಅಂದಳು.

ಗಾಡಿಯಲ್ಲಿ ಬರುವಾಗ ನಾನು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಬಿಡಕ್ಕ ಅಂದೆ. "ಮುತ್ತು ಒಡದ್ರ ಚೂರಾರ ಉಳೀತಾವ" ಅಂದಳು. ಶಹಾಬಾದ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ದೇವೀಂದ್ರಪ್ಪಣ್ಣ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತಿದ್ದ. ನಮ್ಮ ಮುಖ ನೋಡಿಯೇ ಅವನಿಗೆ ತಿಳಿಯಿತು. ಕೋಲನ್ನು ಎತ್ತಿ ಬಾಗಿಲಿಗೆ ಅಡ್ಡ ಹಿಡಿದ.

"ಹೆಸರು ಹೇಳು, ಒಳಗ ಬಾ."

"ಚಾಷ್ಟಿ ಸಾಕು, ತೆಗೀರಿ" ಅಂದಳು.

"ಹೇಳು. ಬಾಗಲ ಅದ, ಅಡ್ಡ ನಿಂತವ ಇದ್ದೀನಿ, ಕೇಳ್ಲಿಕ್ಕ ಅಖ್ತರವ್ವ ಇದ್ದಾಳ. ಇನ್ನೇನು ಬೇಕು ನಿನಗ?"

ಅವಳು ಒಂದು ಕೈಯಿಂದ ಚೌಕಟ್ಟು ಹಿಡಿದುಕೊಂಡಳು. "ಗಣಿಯಾಗಿನ ಕಲ್ಲು..." ಎಂದು ಶುರು ಮಾಡಿದಳು. ಅವನ ಮುಖ ಅರಳಿತು. ಅದು ಅವನ ಕಲ್ಲು, ಅವನ ಗಣಿ, ಅಷ್ಟು ಸಾಲಿನಲ್ಲೇ ಅವನಿಗೆ ಗೊತ್ತಾಯಿತು. "ಗೆರಿ ನೋಡಿ ಎಬ್ಬಿಸಬೇಕು..." ಅಲ್ಲಿಗೆ ನಿಂತಿತು. ಅವನು ಕಾಯುತ್ತಿದ್ದ. ಅವಳ ಗಂಟಲಲ್ಲಿ ಮತ್ತೆ ಆ ಹಾಡು ಏಳುತ್ತಿದ್ದದ್ದು ನನಗೆ ಕಾಣುತ್ತಿತ್ತು, ತುಟಿ ಕಚ್ಚಿ ತಡೆಯುತ್ತಿದ್ದಳು. ಬೆಣ್ಣೆ ಬಟ್ಟಲಾದರೂ ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅದನ್ನೂ ಹೇಳಲಿಲ್ಲ. ಸಿಟ್ಟು, ಅಳು, ಸೋಲು ಎಲ್ಲ ಒಟ್ಟಿಗೆ ನುಗ್ಗಿ ಬಂದು, ಪದವಿಲ್ಲ ಏನಿಲ್ಲ, ಓಣಿಗೆ ಕೇಳುವ ಹಾಗೆ ಒಮ್ಮೆಲೇ ಕೂಗಿಬಿಟ್ಟಳು.

"ದೇವೀಂದ್ರಪ್ಪಾ!"

"ಓ" ಅಂದ ಅವನು, ಗಣಿಯ ತಳದಿಂದ ಯಾರೋ ಕರೆದಾಗ ಮೇಲಿನವನು ಓಗೊಡುವ ಹಾಗೆ. ಕೋಲು ಕೆಳಗಿಟ್ಟ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದಳು.

"ಇನ್ನೊಮ್ಮಿ ಅನ್ನು" ಅಂದ.

"ಯಾಕ," ಎಂದು ಸಾಬಮ್ಮಕ್ಕ ಬೆರಳ ಸಂದಿಯಿಂದಲೇ ಅಳುತ್ತ ಗದರಿದಳು, "ಆಯುಷ್ಯ ಭಾಳ ಆಗ್ಯಾದೇನು ನಿಮಗ?"